ಮದ್ದಿನ ತೂಕ

ಖಡಕಿಯ ಈ ತಗಡಿನ ಶೆಡ್ಡಿನಲ್ಲಿ
ಮದ್ದಿಗೆ ದಾರೂ ಅನ್ನುತ್ತಾರೆ.
ಅಪ್ಪ ಇಂಡಿಯ ಸರ್ಕಾರಿ ದವಾಖಾನೆಯಲ್ಲಿ ಕಾಂಪೌಂಡರ್,
ಅವನೂ ಮದ್ದೇ ತೂಗುತ್ತಿದ್ದ,
ಹಳೆಯ ಪಂಚಾಂಗದ ಹಾಳೆ ಹರಿದು ಪೊಟ್ಟಣ ಕಟ್ಟುತ್ತಿದ್ದ.
ಮಗಳ ನೌಕರಿ ಏನೆಂದು ಯಾರಾದರೂ ಕೇಳಿದರೆ
‘ಪುಣೇದಾಗ ಮದ್ದು ತೂಗತಾಳ್ರಿ’ ಅಂತಿದ್ದ.
ಸುಳ್ಳೇನಲ್ಲ.

ಹತ್ತು ತೋಟಾ. ಹತ್ತೂ ನನ್ನ ಕೈಯವೇ.
ಒಂದೇ ಡಬ್ಬಿಯ ಮದ್ದು, ಒಂದೇ ಪೆಟ್ಟಿಗೆಯ ಗುಂಡು.
ಕಾರ್ಖಾನೀಸ ಸಾಹೇಬರು ಯಂತ್ರ ನೋಡಿ ಓದುತ್ತ ಹೋದರು,
ನಾನು ವಹಿಯಲ್ಲಿ ಬರೆಯುತ್ತ ಹೋದೆ:
ಎಂಟುನೂರ ಹನ್ನೆರಡು
ಎಂಟುನೂರ ಒಂಬತ್ತು
ಎಂಟುನೂರ ಮೂವತ್ತೊಂದು –
ಅಲ್ಲಿ ಅವರ ದನಿ ಒಂದು ಮೆಟ್ಟಿಲು ತಪ್ಪಿತು –
ಏಳುನೂರ ತೊಂಬತ್ತಾರು.
ಮುನ್ನೂರು ಮೀಟರಿನಾಚೆ ಕಾಗದದ ಮೇಲೆ
ಎಡವಿಲ್ಲ ಬಲವಿಲ್ಲ, ಬರೀ ಮೇಲೆ ಕೆಳಗೆ,
ತೂತುಗಳು ಏಣಿ ಹತ್ತಿದ್ದವು.

ಮೊದಲು ಯಂತ್ರವನ್ನೇ ಶಂಕಿಸಿದೆವು,
ಅದು ಮರ್ಯಾದೆಯ ದಾರಿ.
ಬಿಸಿಲಿಗೆ ಕೊಡೆ ಹಿಡಿದೆವು, ಟ್ಯೂಬ್‌ಲೈಟ್ ಆರಿಸಿದೆವು,
ಇನ್ನೊಂದನ್ನು ತಂದು ಪಕ್ಕಕ್ಕೆ ಕೂರಿಸಿದೆವು.
ಎರಡೂ ಒಂದೇ ಸಾಕ್ಷಿ ನುಡಿದವು.

ಆಮೇಲೆ ತಕ್ಕಡಿ.
ಫ್ಯಾನು ಬಂದ್, ಬಾಗಿಲು ಬಂದ್.
ಲೋಣಾವಳಾ ಲೋಕಲ್ ಹಾಯುವಾಗ
ಮುಳ್ಳು ಕೂದಲೆಳೆಯಷ್ಟು ನಡುಗುತ್ತದೆ.
ಅದು ದಾಟುವ ತನಕ ಕೈ ಎತ್ತಿ ಕಾಯುತ್ತೇನೆ,
ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದೇನೆ.
ತಕ್ಕಡಿಯದೂ ತಪ್ಪಿಲ್ಲ.

ತುಂಬಿದ ಕೊಡ ತುಳುಕದು; ನಮ್ಮದು ಮುಕ್ಕಾಲು ಕೊಡ.
ಬಂದೂಕು ಮೂತಿ ತಗ್ಗಿಸಿದರೆ ಮದ್ದು ಗುಂಡಿನ ಕಡೆ ಜಾರುತ್ತದೆ,
ಎತ್ತಿದರೆ ಕಿಡಿಯ ಕಡೆ.
ಮೃಣ್ಮಯಿ ಘಾಟಪಾಂಡೆ, ಹತ್ತೊಂಬತ್ತರ ಹುಡುಗಿ,
ಪ್ರತಿ ಸಲ ಒಮ್ಮೆ ಆಕಾಶಕ್ಕೆತ್ತಿ ಮೆಲ್ಲಗೆ ಇಳಿಸಿದಳು,
ಮಗುವಿಗೆ ತೇಗು ಬರಿಸುವವಳ ಹಾಗೆ.
ಏಣಿಯ ಎರಡು ಮೆಟ್ಟಿಲು ಮುರಿದವು.
ಏಣಿ ನಿಂತೇ ಇತ್ತು.

ಅಮೃತತುಲ್ಯದ ಚಹಾ ಕೆನೆಗಟ್ಟಿತು.
ಸಾಹೇಬರು ಎಂದಿಲ್ಲದ ಮೆತ್ತಗೆ ಕೇಳಿದರು:
ಗುಂಡು ಕೂರಿಸುವಾಗ ಕೈಗೆ ಏನನ್ನಿಸುತ್ತದೆ, ಬಾಯಿ?

ಇಲ್ಲಿ ನನ್ನ ಹೆಸರೇ ಬಾಯಿ.
ಆ ಬಾಯಿಯನ್ನು ಇಷ್ಟು ವರ್ಷ ಯಾರೂ ತೆರೆಸಿರಲಿಲ್ಲ.

ಕೆಲವು ಬೆಣ್ಣೆಗೆ ಬೆರಳಿಟ್ಟಂತೆ ಇಳಿಯುತ್ತವೆ ಅಂದೆ,
ಕೆಲವಕ್ಕೆ ಹಟ,
ಹಿಡಿಕೆ ಒತ್ತುವಾಗ ಮಣಿಕಟ್ಟಿಗೆ ತಿಳಿಯುತ್ತದೆ.
– ಮತ್ತೆ ಯಾಕೆ ಹೇಳಲಿಲ್ಲ?
ವಹಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹಿತ್ತಾಳೆಯ ಕೋಶಗಳನ್ನೆಲ್ಲ ಮೇಜಿಗೆ ಸುರಿದೆವು.
ಬುಡದ ಮುದ್ರೆ ಒಂದೇ, ವಯಸ್ಸು ಬೇರೆ.
ಒಂದು ಒಂದೇ ಸಲ ಸಿಡಿದದ್ದು, ಇನ್ನೊಂದು ಏಳು ಸಲ.
ಸಿಡಿದು ಹಿಗ್ಗಿ, ಅಚ್ಚಿಗೆ ಬಿದ್ದು ಕುಗ್ಗಿ,
ಮತ್ತೆ ಹಿಗ್ಗಿ, ಮತ್ತೆ ಕುಗ್ಗಿ
ಕೊರಳು ಬಿರುಸಾಗಿ,
ಒಂದೊಂದೂ ತನ್ನದೇ ಬಿಗಿಯಲ್ಲಿ ಗುಂಡು ಕಚ್ಚಿತ್ತು.
ದೀಪಾವಳಿ ರಜೆಗೆ ಮುಂಚೆ ಯಾರೋ
ಎರಡು ಡಬ್ಬಿ ಸೇರಿಸಿ ಒಂದು ಮಾಡಿದ್ದರು.
ಯಾರೋ ಏನು, ನಾನೇ.
ಮೇಜು ಚೊಕ್ಕಟ ಕಾಣಲೆಂದು.

ಬೇರೆ ಬೇರೆ ಮಾಡಿ, ಕೊರಳಿಗೆ ಬೆಂಕಿ ತೋರಿಸಿ
ಮೆತ್ತಗಾದ ಮೇಲೆ ಮತ್ತೆ ಹತ್ತು.
ಹದಿನಾಲ್ಕು, ಹನ್ನೆರಡು, ಹದಿನೈದು, ಹದಿಮೂರು –
ಈಗ ಎಂಟುನೂರನ್ನು ಯಾರೂ ಉಚ್ಚರಿಸುತ್ತಿರಲಿಲ್ಲ –
ಒಂಬತ್ತನೆಯದು: ಎರಡು.

ಎಲ್ಲರೂ ಸುಮ್ಮನಾದರು.
ಅದನ್ನು ಬಿಟ್ಟುಬಿಡೋಣವೇ ಎಂದಳು ಮೃಣ್ಮಯಿ.

ಅಪ್ಪ ಒಮ್ಮೆ ತೂಕ ತಪ್ಪಿದ ಪೊಟ್ಟಣ ಕೊಟ್ಟು
ನಡುರಾತ್ರಿ ನೆನಪಾಗಿ
ಹಿರೇಬೇವನೂರಿಗೆ ಸೈಕಲ್ ತುಳಿದು
ವಾಪಸು ತಂದಿದ್ದ.
ಗುಂಡಿನ ಹಿಂದೆ ಯಾವ ಸೈಕಲ್ಲೂ ಓಡದು.

ಎಂಟುನೂರ ಎರಡು ಎಂದು ಬರೆದೆ.
ಪಕ್ಕದಲ್ಲಿ ಹೊಸದೊಂದು ಗೆರೆ ಎಳೆದು
ಮೇಲೆ ‘ಕೈ’ ಅಂತ ತಲೆಬರಹ ಹಾಕಿದೆ.
ಕೆಳಗೆ ಏನು ಬರೆಯಲಿ?
ಅದು ಬೆಣ್ಣೆಯಂತೆಯೇ ಇಳಿದಿತ್ತು.

ಲೋಕಲ್ ಬರುವ ಸದ್ದಾಯಿತು.
ಪೆನ್ನು ಎತ್ತಿ ಕಾದೆ.